ದರದ ಪಟ್ಟಿಯೂ ಉದ್ರಿಯ ವಹಿಯೂ

ಪೇಟೆಗೆ ಹೋದವರು ಚೀಲ ತೆರೆಯುವ ಮೊದಲು ಬಾಯಿ ತೆರೆಯುತ್ತಾರೆ. "ಹೆಂಗ ಕಿಲೋ?" ಎಂದು ಕೇಳುತ್ತಾರೆ. ಎರಡೇ ಶಬ್ದಗಳ ಈ ಪ್ರಶ್ನೆಗೆ ಬೆಳಗಾವಿಯ ರವಿವಾರ ಪೇಟೆಯಲ್ಲಿ ಒಂದು ಉತ್ತರ ದೊರೆತರೆ ತಿಲಕವಾಡಿಯಲ್ಲಿ ಇನ್ನೊಂದು, ಶಹಾಪುರದಲ್ಲಿ ಮತ್ತೊಂದು; ಅಲ್ಲಿಂದ ಸುಮಾರು 26 ಕಿಲೋಮೀಟರು ದೂರದ ನಮ್ಮ ಖಾನಾಪುರಕ್ಕೆ ಬಂದರೆ ನಾಲ್ಕನೆಯದು. ಒಂದೇ ಪದಾರ್ಥ, ಒಂದೇ ದಿನ, ಒಂದೇ ಜಿಲ್ಲೆ. ದರ ಮಾತ್ರ ನಾಲ್ಕು ಬಗೆ. ಇದು ಏಕೆ ಹೀಗೆ? ಇದನ್ನು ಜನರಿಗೆ ತಿಳಿಸಿದರೆ ಅವರಿಗೆ ಹಿತವಾದೀತೇ? ತಿಳಿಸುವ ಕೆಲಸದಿಂದ ನಮ್ಮಂಥ ಪದವೀಧರರ ಹೊಟ್ಟೆ ತುಂಬೀತೇ? ಈ ಮೂರು ಪ್ರಶ್ನೆಗಳು ಈ ವರ್ಷ ನನ್ನ ಬೆನ್ನು ಹತ್ತಿವೆ. ಅವುಗಳ ಬಗೆಗೆ ನನಗೆ ತೋಚಿದುದನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದೆ ಇಡಬೇಕೆಂದು ಈ ಲೇಖನ.

ಸಂಗತಿ ಹೀಗಿದೆ. 2025ರ ಸಪ್ಟೆಂಬರ 22ರಿಂದ ಸರಕು ಮತ್ತು ಸೇವಾ ತೆರಿಗೆಯ ದರಗಳು ಬದಲಾದವು. ಮೈತೊಳೆಯುವ ಸಾಬೂನಿನ ಮೇಲಿನ ತೆರಿಗೆ ನೂರಕ್ಕೆ 18ರಿಂದ 5ಕ್ಕೆ ಇಳಿಯಿತು. ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಆದರೆ ನಮ್ಮ ಓಣಿಯ ಅಂಗಡಿಯಲ್ಲಿ ಹಲವು ದಿನ ಹಳೆಯ ದಾಸ್ತಾನು ಹಳೆಯ ದರಕ್ಕೇ ಮಾರಾಟವಾಯಿತು. ಬೆಳಗಾವಿಯ ಒಂದು ಅಂಗಡಿಯಲ್ಲಿ ಅದೇ ಸಾಬೂನು ಹೊಸ ದರಕ್ಕೆ ದೊರೆಯುತ್ತಿತ್ತು. ಖಾನಾಪುರದಿಂದ ಬಸ್ಸಿನಲ್ಲಿ ಕೂಡಿ ಕಾಲೇಜಿಗೆ ಬರುವ ನಾವು ಮೂವರು ಇದನ್ನೇ ಮಾತಾಡುತ್ತ ಬರುವಾಗ, ನಮ್ಮೊಳಗೆ ಗಣಕಯಂತ್ರದ ಕೆಲಸ ಬಲ್ಲ ಗೆಳೆಯನಿಗೆ ಒಂದು ವಿಚಾರ ಹೊಳೆಯಿತು. ಯಾವ ಅಂಗಡಿಯಲ್ಲಿ ಯಾವ ಪದಾರ್ಥಕ್ಕೆ ಇಂದು ಯಾವ ದರ ಎಂಬುದನ್ನು ಮೊಬೈಲಿನಲ್ಲಿ ತೋರಿಸುವ ಒಂದು ಆ್ಯಪ್ ಮಾಡಬೇಕು. ಬೆಳಗಾವಿಯಿಂದ ಆರಂಭಿಸಿ ಖಾನಾಪುರಕ್ಕೆ, ಅಲ್ಲಿಂದ ಜಿಲ್ಲೆಗೆಲ್ಲ ಹಬ್ಬಿಸಬೇಕು. ಅದನ್ನೇ ನಮ್ಮ ಸ್ಟಾರ್ಟಪ್ ಎಂದು ನೋಂದಾಯಿಸಬೇಕು. ಆರಂಭದ ಖರ್ಚಿಗೆಂದು ಮೂವರೂ ತಲಾ 15,000 ರೂಪಾಯಿ ಹಾಕಬೇಕು. ದೀಪಾವಳಿಯ ರಜೆಯೊಳಗಾಗಿ ಉತ್ತರ ಹೇಳಬೇಕೆಂದು ಆತ ನನ್ನನ್ನು ಕೇಳಿದನು.

ಹದಿನೈದು ಸಾವಿರ ರೂಪಾಯಿ ಕೆಲವರಿಗೆ ಒಂದು ಮೊಬೈಲಿನ ಬೆಲೆ. ನಮ್ಮ ಮನೆಯಲ್ಲಿ ಅದು ನನ್ನ ಬಿ.ಎಡ್. ಪ್ರವೇಶಕ್ಕೆಂದು ಅವ್ವ ಕೂಡಿಸಿಟ್ಟ ಹಣ. ಅವ್ವ, ಅಪ್ಪ ಇಬ್ಬರೂ ಇಟ್ಟಿಗೆಯ ಭಟ್ಟಿಯಲ್ಲಿ ದುಡಿಯುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದುದರಿಂದ ಈ ವಿಚಾರ ಸರಿಯೋ ತಪ್ಪೋ ಎಂಬುದನ್ನು ಉತ್ಸಾಹದಿಂದ ಅಲ್ಲ, ಲೆಕ್ಕದಿಂದ ನೋಡಬೇಕಾದುದು ನನ್ನ ಪಾಲಿಗೆ ಅನಿವಾರ್ಯವಾಯಿತು. ರಜೆಯಲ್ಲಿ ರವಿವಾರ ಪೇಟೆಯ ಠೋಕ ಅಂಗಡಿಗಳನ್ನೂ ಖಾನಾಪುರದ ಕಿರಾಣಿ ಅಂಗಡಿಗಳನ್ನೂ ಸುತ್ತಿದೆನು. ಅರ್ಥಶಾಸ್ತ್ರದ ಗುರುಗಳು ಸೂಚಿಸಿದ ಕೆಲವು ಬರೆಹಗಳನ್ನು ಓದಿದೆನು. ಕೊನೆಗೆ ಅವ್ವನನ್ನು ಕೇಳಿದೆನು. ಹಾಗೆ ನೋಡಿದರೆ ಅವ್ವನನ್ನೇ ಮೊದಲು ಕೇಳಬೇಕಾಗಿತ್ತು.

ಮೊದಲು ಈ ವಿಚಾರದ ಗುಣವನ್ನು ಹೇಳುವುದು ನ್ಯಾಯ. ಪೊಟ್ಟಣ ಕಟ್ಟಿದ ಸರಕಿನ ಮೇಲೆ ಎಲ್ಲ ತೆರಿಗೆಗಳನ್ನೊಳಗೊಂಡ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸುವ ಪದ್ಧತಿ ನಮ್ಮ ದೇಶದಲ್ಲಿ 1990ರಿಂದ ಬಂದಿದೆ. ಅದಕ್ಕಿಂತ ಹೆಚ್ಚು ಕೇಳಿದರೆ ಓದು ಬಲ್ಲ ಗಿರಾಕಿ ಬೆರಳಿಟ್ಟು ತೋರಿಸಬಹುದು. ಆದರೆ ಬಡವರ ಚೀಲದಲ್ಲಿ ಪೊಟ್ಟಣಗಳು ಕಡಿಮೆ, ಬಿಡಿ ಸರಕೇ ಹೆಚ್ಚು. ತೊಗರಿಬೇಳೆ, ಸಕ್ಕರೆ, ಒಣಮೆಣಸಿನಕಾಯಿ, ಬೆಲ್ಲ, ಶೇಂಗಾ, ಉಳ್ಳಾಗಡ್ಡಿ, ಇವುಗಳನ್ನು ಚೀಲದಿಂದ ತೆಗೆದು ತೂಗಿ ಕೊಡುವಾಗ ಅವುಗಳ ಮೇಲೆ ಯಾವ ಬೆಲೆಯೂ ಮುದ್ರಿತವಾಗಿರುವುದಿಲ್ಲ. ಅಂಗಡಿಯವನ ಬಾಯಿಯೇ ಮುದ್ರೆ.

ಸರಕಾರದ ದರಪಟ್ಟಿಗಳು ಇಲ್ಲವೆಂದಲ್ಲ. ಕೃಷಿ ಮಾರುಕಟ್ಟೆಗಳ ದಿನದ ಧಾರಣೆಯನ್ನು ಪ್ರಕಟಿಸುವ ಅಗ್‌ಮಾರ್ಕ್‌ನೆಟ್ 2000ದಲ್ಲಿ ಆರಂಭವಾಯಿತು. ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿಯೂ ಇದೆ. ಆದರೆ ಅವು ಬೆಳೆದವನು ಮಾರುವ ಕಟ್ಟೆಯ ದರವನ್ನು ಹೇಳುತ್ತವೆ. ಉಣ್ಣುವವನು ಕೊಳ್ಳುವ ಕಟ್ಟೆಯ ದರವನ್ನಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ಚಿಲ್ಲರೆ ದರಗಳನ್ನೂ ದಿನವೂ ಸಂಗ್ರಹಿಸುತ್ತದೆ. 2024ರ ಆಗಸ್ಟದಲ್ಲಿ ಆ ಪದಾರ್ಥಗಳ ಸಂಖ್ಯೆ 22ರಿಂದ 38ಕ್ಕೆ ಏರಿತು. ಆದರೆ ಅದು ಆಯ್ದ ಊರುಗಳ ಒಟ್ಟಾರೆ ದರ. ಈ ಓಣಿಯ ಅಂಗಡಿಯಲ್ಲಿ ಎಷ್ಟು, ಮುಂದಿನ ಓಣಿಯಲ್ಲಿ ಎಷ್ಟು ಎಂಬ ಮಾತು ಅದರಲ್ಲಿ ಇಲ್ಲ. ಆದುದರಿಂದ ನನ್ನ ಗೆಳೆಯನು ಕಂಡ ಜಾಗ ನಿಜವಾಗಿಯೂ ಖಾಲಿ ಇದೆ ಎಂಬುದನ್ನು ಒಪ್ಪಬೇಕು.

ದರ ತಿಳಿದರೆ ಲಾಭವಿದೆ ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ಒಳ್ಳೆಯ ಉದಾಹರಣೆಯಿದೆ. ಕಾಸರಗೋಡು, ಕಣ್ಣೂರು, ಕೋಳಿಕೋಡ ಜಿಲ್ಲೆಗಳ ಕಡಲ ದಂಡೆಗೆ 1997ರಿಂದ 2001ರ ಅವಧಿಯಲ್ಲಿ ಹಂತಹಂತವಾಗಿ ಮೊಬೈಲ ಸೇವೆ ಬಂದಿತು. ಅದಕ್ಕೆ ಮೊದಲು ಭೂತಾಯಿ ಮೀನು ಹಿಡಿದವರು ತಮ್ಮೂರ ದಂಡೆಗೇ ಬರುತ್ತಿದ್ದರು. ಅಲ್ಲಿ ಗಿರಾಕಿಗಳಿಲ್ಲದಿದ್ದರೆ ಮೀನನ್ನು ಮರಳಿ ಕಡಲಿಗೆ ಚೆಲ್ಲುತ್ತಿದ್ದರು. ಅದೇ ಹೊತ್ತಿಗೆ ಕೆಲವೇ ಕಿಲೋಮೀಟರು ಆಚೆಯ ದಂಡೆಯಲ್ಲಿ ಗಿರಾಕಿಗಳು ಮೀನಿಲ್ಲದೆ ಬರಿಗೈಯಲ್ಲಿ ಮರಳುತ್ತಿದ್ದರು. ಮೊಬೈಲ ಬಂದ ಮೇಲೆ ದೋಣಿಯಲ್ಲಿದ್ದುಕೊಂಡೇ ಯಾವ ದಂಡೆಯಲ್ಲಿ ಎಷ್ಟು ದರವೆಂದು ಕೇಳಹತ್ತಿದರು. ರಾಬರ್ಟ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಭ್ಯಸಿಸಿ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ದಂಡೆದಂಡೆಗಳ ದರದ ಅಂತರ ಬಹಳ ಕಡಿಮೆಯಾಯಿತು, ಮೀನು ಚೆಲ್ಲುವುದು ನಿಂತಿತು, ಮೀನುಗಾರರ ಲಾಭ ನೂರಕ್ಕೆ 8ರಷ್ಟು ಏರಿತು. ಆದರೂ ಕೊಳ್ಳುವವರಿಗೆ ದರ ನೂರಕ್ಕೆ 4ರಷ್ಟು ಇಳಿಯಿತು. ಮಾರುವವನಿಗೂ ಕೊಳ್ಳುವವನಿಗೂ ಒಮ್ಮೆಲೇ ಹಿತವಾಗುವುದು ಅಪರೂಪ. ಈ ಲೇಖನವನ್ನು ಓದಿದ ದಿನ ನಾನು ಹಣ ಕೊಡಲಿಕ್ಕೆ ಸಿದ್ಧಳಾಗಿಯೇ ಮನೆಗೆ ಹೋದೆನು.

ಆದರೆ ಮರುದಿನ ಪೇಟೆಗೆ ಹೋದಾಗ ಮೊದಲನೆಯ ಅಂಗಡಿಯಲ್ಲಿಯೇ ನನ್ನ ಪೆನ್ನು ನಿಂತಿತು. ತೊಗರಿಬೇಳೆಯ ದರ ಕೇಳಿದೆನು. ಅಂಗಡಿಯ ಹಿರಿಯರು ನಕ್ಕು, "ತಂಗೀ, ದರಾ ಬರಕೋ, ಆದ್ರ ಯಾವ ಬ್ಯಾಳಿದು ಬರಕೋತಿ?" ಎಂದರು. ಅವರ ಮುಂದೆ ನಾಲ್ಕು ಚೀಲಗಳಿದ್ದವು. ಒಂದು ಈ ವರ್ಷದ್ದು, ಒಂದು ಹಳೆಯದು. ಒಂದು ಎಣ್ಣೆ ಹಚ್ಚಿದ್ದು, ಒಂದು ನುಚ್ಚು ಬೆರೆತದ್ದು. ನಾಲ್ಕಕ್ಕೂ ಹೆಸರು ತೊಗರಿಬೇಳೆಯೇ. ಅದನ್ನೇ ನಮ್ಮ ನೆರೆಯ ಮರಾಠಿ ಮನೆಯವರು ತೂರಡಾಳ ಎನ್ನುತ್ತಾರೆ. ಪಟ್ಟಿ ಎರಡೂ ಭಾಷೆಗಳಲ್ಲಿ ಇಲ್ಲದಿದ್ದರೆ ಖಾನಾಪುರದಲ್ಲಿ ಅರ್ಧ ಪೇಟೆಗೆ ಅದು ತಿಳಿಯದು. ಇನ್ನು ಸೊಪ್ಪು ಪೆಂಡಿಯ ಲೆಕ್ಕದಲ್ಲಿ, ಬಾಳೆಹಣ್ಣು ಡಜನಿನ ಲೆಕ್ಕದಲ್ಲಿ, ಚುರಮರಿ ಸೇರಿನ ಲೆಕ್ಕದಲ್ಲಿ. ನಮ್ಮ ದೇಶದಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ 1956ರಲ್ಲಿ ಆಯಿತು. 1958ರಿಂದ ಕಿಲೋಗ್ರಾಮು ಪೇಟೆಗಳಿಗೆ ಬರತೊಡಗಿತು. ಆದರೂ ಸೇರು ನಮ್ಮ ಸಂತೆಯಿಂದ ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ಅಳತೆ ಒಂದಾಗದೆ ದರಗಳನ್ನು ಹೋಲಿಸುವುದೆಂದರೆ ಒಬ್ಬನ ಎತ್ತರವನ್ನೂ ಇನ್ನೊಬ್ಬನ ತೂಕವನ್ನೂ ಹೋಲಿಸಿದಂತೆ.

ಎರಡನೆಯ ತೊಡಕು ದುಡಿಮೆಯದು. ಇದಕ್ಕೆ ದೊಡ್ಡ ಶಾಸ್ತ್ರ ಬೇಕಿಲ್ಲ, ಪ್ರಾಥಮಿಕ ಶಾಲೆಯ ಗಣಿತ ಸಾಕು. ಒಂದು ನೂರು ಅಂಗಡಿಗಳನ್ನು ಹಿಡಿಯೋಣ. ಅಂಗಡಿಗೆ 200 ಪದಾರ್ಥಗಳಂತೆ 20,000 ದರಗಳಾದವು. ಒಂದು ದರವನ್ನು ಕೇಳಿ ಬರೆದುಕೊಳ್ಳಲಿಕ್ಕೆ ಅರ್ಧ ನಿಮಿಷವೆಂದರೂ 10,000 ನಿಮಿಷಗಳು, ಅಂದರೆ 166 ಗಂಟೆಗಳಿಗಿಂತ ಹೆಚ್ಚು. ದಿನಕ್ಕೆ ಎಂಟು ಗಂಟೆಗಳಂತೆ ದುಡಿದರೂ ಒಂದೇ ದಿನದ ಪಟ್ಟಿಗೆ 21 ಜನರು ಬೇಕು. ಮರುದಿನ ಮತ್ತೆ ಅಷ್ಟೇ ಜನರು. ನಾವಾದರೋ ಮೂವರು. ಸರಕಾರದ ಇಲಾಖೆಯೇ ತನ್ನೆಲ್ಲ ಸಿಬ್ಬಂದಿಯೊಡನೆ 38 ಪದಾರ್ಥಗಳಿಗೆ ತೃಪ್ತಿಪಟ್ಟಿರುವಾಗ ನಾವು ಮೂವರು 20,000 ದರಗಳನ್ನು ಹೊರಲಿಕ್ಕೆ ಹೊರಟಿದ್ದೆವು. ಅಂಗಡಿಯವರೇ ತಮ್ಮ ದರಗಳನ್ನು ಆ್ಯಪಿನಲ್ಲಿ ತುಂಬುವರೆಂದು ಗೆಳೆಯನು ಹೇಳುತ್ತಾನೆ. ನಾನು ಕಂಡ ಅಂಗಡಿಯವರು ಗಿರಾಕಿಗೆ ತೂಗಿ ಕೊಟ್ಟು, ಚಿಲ್ಲರೆ ಎಣಿಸಿ, ನಡುವೆ ಒಂದು ಗುಟುಕು ಚಹಾ ಕುಡಿಯಲಿಕ್ಕೂ ಬಿಡುವಿಲ್ಲದವರು. ಹಳೆಯ ದರ ತೋರಿಸುವ ಪಟ್ಟಿ ಪಟ್ಟಿಯೇ ಇಲ್ಲದುದಕ್ಕಿಂತ ಕೆಟ್ಟದ್ದು. ಅದನ್ನು ನಂಬಿ ಬಂದ ಗಿರಾಕಿ ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುತ್ತಾನೆ, ನಾಳೆಯಿಂದ ನಮ್ಮನ್ನು ನಂಬುವುದಿಲ್ಲ.

ಮೂರನೆಯದು ನಾನು ಎಣಿಸಿಯೇ ಇರದ ಮಾತು. ರವಿವಾರ ಪೇಟೆಯ ವ್ಯಾಪಾರಸ್ಥರೊಬ್ಬರು, "ಬಾಜೂದಾಂವ ಇಳಿಸಿದ್ದು ನೋಡಿ ನಾ ಇಳಸ್ತೀನಿ ಅಂತ ತಿಳದೀರೇನು? ಅಂವ ಏರಿಸಿದ್ದು ನೋಡಿ ನಾನೂ ಏರಸ್ತೀನಿ!" ಎಂದು ಚೇಷ್ಟೆಯಿಂದ ಹೇಳಿದರು. ನಾನೂ ನಕ್ಕು ಬಂದೆನು. ಆದರೆ ಇದು ಚೇಷ್ಟೆಯ ಮಾತಷ್ಟೇ ಅಲ್ಲವೆಂಬುದು ಆಮೇಲೆ ತಿಳಿಯಿತು. ಡೆನ್ಮಾರ್ಕ ದೇಶದಲ್ಲಿ 1993ರಲ್ಲಿ ಕಟ್ಟಡಕ್ಕೆ ಬಳಸುವ ಸಿದ್ಧ ಕಾಂಕ್ರೀಟಿನ ನಿಜವಾದ ಮಾರಾಟದ ದರಗಳನ್ನು ಸರಕಾರದ ಸಂಸ್ಥೆಯೇ ಪ್ರಕಟಿಸತೊಡಗಿತು. ದರ ಇಳಿಯಲೆಂಬುದೇ ಉದ್ದೇಶ. ಒಂದು ವರ್ಷದೊಳಗೆ ದರ ನೂರಕ್ಕೆ 15ರಿಂದ 20ರಷ್ಟು ಏರಿತು! ಮಾರುವ ಕಂಪನಿಗಳು ಕೆಲವೇ ಇದ್ದವು. ಒಬ್ಬರ ದರ ಇನ್ನೊಬ್ಬರಿಗೆ ಸ್ಪಷ್ಟವಾಗಿ ಕಂಡೊಡನೆ ಗುಟ್ಟಾಗಿ ಕಡಿಮೆಗೆ ಕೊಡುವ ರೂಢಿ ತಪ್ಪಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಇಸ್ರೇಲಿನಲ್ಲಿ 2015ರಿಂದ ದೊಡ್ಡ ಸೂಪರ್ ಮಾರ್ಕೆಟ್ಟುಗಳು ತಮ್ಮೆಲ್ಲ ದರಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಬೇಕಾಯಿತು. ಅಲ್ಲಿ ದರ ನೂರಕ್ಕೆ 4-5ರಷ್ಟು ಇಳಿಯಿತೆಂದು ಸಂಶೋಧಕರು ಹೇಳಿದ್ದಾರೆ. ಇವೆರಡರಿಂದ ನಾನು ಕಲಿತುದು ಇಷ್ಟು: ದರದ ಪಟ್ಟಿ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಮಾರುವವರು ಬಹಳ ಇದ್ದು ಕೊಳ್ಳುವವರು ಪಟ್ಟಿಯನ್ನು ನೋಡಿ ಅಂಗಡಿ ಬದಲಿಸಬಲ್ಲರಾದರೆ ಅದು ಗಿರಾಕಿಯ ಕೈಯಲ್ಲಿ ದೀಪವಾಗುತ್ತದೆ. ಮಾರುವವರು ನಾಲ್ಕೇ ಜನರಿದ್ದು ಕೊಳ್ಳುವವರು ಅಲುಗಾಡಲಾರದವರಾದರೆ ಅದೇ ದೀಪ ಅಂಗಡಿಯವರ ಕೈಗೆ ಹೋಗುತ್ತದೆ. ಬೆಳಗಾವಿಯ ಪೇಟೆ ಮೊದಲನೆಯ ಬಗೆಯದು. ಖಾನಾಪುರ ತಾಲೂಕಿನ ಹಳ್ಳಿಗಳು ಎರಡನೆಯ ಬಗೆಯವು.

ಅಲುಗಾಡಲಾರದವರು ಎಂದೆನಲ್ಲ, ಅದರ ಅರ್ಥವನ್ನು ನನಗೆ ತಿಳಿಸಿದವಳು ಅವ್ವ. ನಾನು ಅವಳ ಮುಂದೆ ಮೊಬೈಲ ಹಿಡಿದು, "ಇಲ್ಲಿ ನೋಡವ್ವಾ, ನಮ್ಮ ಅಂಗಡಿಗಿಂತ ಬೆಳಗಾವಿಯಲ್ಲಿ ಬೇಳೆ ಎಷ್ಟು ಅಗ್ಗ! ನಿನಗೆ ಬಸ್ಸಿನ ಖರ್ಚೂ ಇಲ್ಲ" ಎಂದೆನು. ಇದು ನಿಜವೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸಿನ ಪ್ರವಾಸ ಉಚಿತವಾಗಿದೆ. ಮೊದಲು ಬೇಳೆಯಲ್ಲಿ ಉಳಿದುದು ಟಿಕೀಟಿಗೆ ಹೋಗುತ್ತಿತ್ತು. ಈಗ ಆ ಅಡ್ಡಿಯಿಲ್ಲ. ಅವ್ವ ನನ್ನ ಮಾತನ್ನು ಪೂರ್ತಿ ಕೇಳಿ ಅಂದಳು: "ಅಲ್ಲಿ ಸೋವಿ ಐತಿ ಅಂತ ನಿನ್ನ ಫೋನ ಹೇಳತೈತಿ, ಖರೆ. ಆದ್ರ ಆ ಅಂಗಡ್ಯಾಂವ ನನ್ನ ಹೆಸರು ಬಲ್ಲಾನೇನು?"

ಈ ಮಾತನ್ನು ಬಿಡಿಸಿ ಹೇಳಬೇಕು. ಇಟ್ಟಿಗೆಯ ಭಟ್ಟಿ ದೀಪಾವಳಿಯ ನಂತರ ಆರಂಭವಾಗಿ ಮಳೆ ಹಿಡಿಯುವವರೆಗೆ ನಡೆಯುತ್ತದೆ. ನಮ್ಮ ಕಡೆಯ ಮಳೆಯೆಂದರೆ ಸಣ್ಣದಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ನಮ್ಮ ತಾಲೂಕಿನದೇ. ಆ ನಾಲ್ಕು ತಿಂಗಳು ಹಸಿ ಇಟ್ಟಿಗೆ ಒಣಗುವುದಿಲ್ಲ, ಕೂಲಿ ಹುಟ್ಟುವುದಿಲ್ಲ. ಅಕ್ಕಿ ಪಡಿತರದ ಅಂಗಡಿಯಿಂದ ಬರುತ್ತದೆ; ಬೇಳೆ, ಎಣ್ಣೆ, ಸಕ್ಕರೆ, ಚಹಾಪುಡಿ ಓಣಿಯ ಅಂಗಡಿಯಿಂದ ಉದ್ರಿಯಾಗಿ ಬರುತ್ತವೆ. ಅಂಗಡಿಯ ಕೆಂಪು ವಹಿಯಲ್ಲಿ ಅಪ್ಪನ ಹೆಸರಿನ ಕೆಳಗೆ ಸಾಲು ಸಾಲಾಗಿ ಬರೆಯುತ್ತಾರೆ. ಭಟ್ಟಿ ಹತ್ತಿದ ಮೇಲೆ ವಾರವಾರ ತೀರಿಸುತ್ತೇವೆ. ಹೀಗಿರುವಲ್ಲಿ ಬೆಳಗಾವಿಯ ಅಗ್ಗದ ಬೇಳೆ ಅವ್ವನಿಗೆ ಚಂದ್ರಲೋಕದ ಬೇಳೆ. ಅಲ್ಲಿ ರೋಖ ಬೇಕು. ಜುಲೈ ತಿಂಗಳಲ್ಲಿ ಅವಳ ಹತ್ತಿರ ರೋಖ ಇರುವುದಿಲ್ಲ. ಕಡಲಿನ ದೋಣಿಗೆ ಒಂದು ದಂಡೆ ಬಿಟ್ಟು ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯವಿತ್ತು. ನಮ್ಮ ದೋಣಿಯ ಹಗ್ಗ ಆ ವಹಿಗೆ ಕಟ್ಟಿದೆ.

ಅಂದು ರಾತ್ರಿ ನಾನು ನಮ್ಮ ಮನೆಯ ಉದ್ರಿಯ ಚೀಟಿಗಳನ್ನು ಮುಂದಿಟ್ಟುಕೊಂಡು ಕುಳಿತೆನು. ಮಳೆಗಾಲದಲ್ಲಿ ನಾವು ತೊಗರಿಬೇಳೆಯನ್ನು ಕಿಲೋಗೆ 135 ರೂಪಾಯಿಯಂತೆ ತಂದಿದ್ದೆವು. ಅದೇ ಅಂಗಡಿಯಲ್ಲಿ ಅದೇ ಬೇಳೆಗೆ ರೋಖ ಕೊಟ್ಟ ನೆರೆಮನೆಯವರು 120 ಕೊಟ್ಟಿದ್ದರು. ಹದಿನೈದು ರೂಪಾಯಿ ಹೆಚ್ಚು, ಅಂದರೆ ನೂರಕ್ಕೆ ಹನ್ನೆರಡೂವರೆ. ಸರಾಸರಿ ನಾಲ್ಕು ತಿಂಗಳಿಗೆ ತೀರಿಸಿದೆವೆಂದು ಹಿಡಿದರೆ ತಿಂಗಳಿಗೆ ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚಿನ ಬಡ್ಡಿ, ವರ್ಷಕ್ಕೆ ಮೂವತ್ತೇಳೂವರೆ. ಈ ಬಡ್ಡಿಯನ್ನು ನಮ್ಮ ಮನೆಯಲ್ಲಿ ಯಾರೂ ಬಡ್ಡಿಯೆಂದು ಕರೆದಿರಲಿಲ್ಲ. ಬೇಳೆ ತುಟ್ಟಿಯಾಯಿತೆಂದೇ ತಿಳಿದಿದ್ದೆವು.

ಮರುದಿನ ಸಿಟ್ಟಿನಿಂದಲೇ ಅಂಗಡಿಗೆ ಹೋದೆನು. ಅಂಗಡಿಯವರು ಮುಚ್ಚುಮರೆ ಮಾಡಲಿಲ್ಲ. ಠೋಕ ವ್ಯಾಪಾರಸ್ಥರು ತಮಗೆ ಹದಿನೈದು ದಿನಗಳ ಮೇಲೆ ಬಾಕಿ ಬಿಡುವುದಿಲ್ಲವೆಂದರು. ಉದ್ರಿ ಒಯ್ದವರಲ್ಲಿ ಕೆಲವರು ಕೆಲಸ ಹುಡುಕಿಕೊಂಡು ಗೋವೆಗೋ ಪುಣೆಗೋ ಹೋದರೆ ಆ ಬಾಕಿ ಮುಳುಗಿದಂತೆಯೇ ಎಂದರು. ಮುಳುಗಿದ್ದನ್ನು ತೀರಿಸುವವರ ಮೇಲೆಯೇ ಹಾಕಬೇಕಾಗುತ್ತದೆಂದೂ ಒಪ್ಪಿಕೊಂಡರು. ನನ್ನ ಸಿಟ್ಟು ಇಳಿಯಿತು, ಲೆಕ್ಕ ಇಳಿಯಲಿಲ್ಲ. ಅವರು ಕೆಟ್ಟವರಲ್ಲ, ಮಳೆಗಾಲದಲ್ಲಿ ನಮ್ಮ ಒಲೆ ಉರಿಸಿದವರು ಅವರೇ. ಆದರೆ ನೆರವಿಗೆ ಬೆಲೆಯಿದೆ. ಆ ಬೆಲೆ ಎಷ್ಟೆಂಬುದು ಅದನ್ನು ತೆರುವವರಿಗೆ ಗೊತ್ತಿರಬೇಡವೇ?

ಇಲ್ಲಿಯೇ ನನ್ನ ಅಭಿಪ್ರಾಯದ ತಿರುಳಿದೆ. ಅಂಗಡಿ ಅಂಗಡಿಗಳ ನಡುವಿನ ದರದ ಅಂತರವನ್ನು ತೋರಿಸಲಿಕ್ಕೆ ನಾವು ಹೊರಟಿದ್ದೆವು. ಬಡವರ ಪಾಲಿಗೆ ಅದಕ್ಕಿಂತ ದೊಡ್ಡ ಅಂತರ ಒಂದೇ ಅಂಗಡಿಯೊಳಗೆ, ಒಂದೇ ಚೀಲದ ಬೇಳೆಗೆ, ರೋಖ ಮತ್ತು ಉದ್ರಿಗಳ ನಡುವೆ ಇದೆ. ಅದನ್ನು ಯಾವ ಸರಕಾರದ ಪಟ್ಟಿಯೂ ತೋರಿಸುವುದಿಲ್ಲ. ನಾವು ಯೋಚಿಸಿದ ಆ್ಯಪೂ ತೋರಿಸುತ್ತಿರಲಿಲ್ಲ. ರೋಖ ಇದ್ದವನಿಗೆ ಮಾತ್ರ ದಾರಿ ತೋರಿಸುವ ಪಟ್ಟಿ ಇದ್ದವನಿಗೇ ಇನ್ನಷ್ಟು ಕೊಟ್ಟಂತಾಯಿತು.

ಇನ್ನು ಉಳಿದುದು ನಮ್ಮ ಹೊಟ್ಟೆಯ ಪ್ರಶ್ನೆ. ಈ ಉದ್ಯೋಗಕ್ಕೆ ಹಣ ಕೊಡುವವರು ಯಾರು? ಅಂಗಡಿಯವರಿಂದ ಹಣ ಪಡೆದರೆ ಕೊಟ್ಟವರ ಹೆಸರು ಮೇಲೆ ಬರುತ್ತದೆ, ಕೊಡದವರದು ಕೆಳಗಿಳಿಯುತ್ತದೆ. ಅಂದಿನಿಂದ ಅದು ದರಪಟ್ಟಿಯಲ್ಲ, ಜಾಹೀರಾತು. ಗಿರಾಕಿಗಳಿಂದ ಪಡೆಯಬೇಕೆಂದರೆ, ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿಯ ಬಿಡಿ ಸರಕು ಕೊಳ್ಳುವ ಮನೆಗೆ ನೂರಕ್ಕೆ ಐದರಷ್ಟು ಉಳಿದರೂ 75 ರೂಪಾಯಿ ಉಳಿದೀತು. ಅದರಲ್ಲಿ ನಮಗೆ ಎಷ್ಟು ಕೊಟ್ಟಾರು? ಜಾರ್ಜ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲಿಯೇ ತೋರಿಸಿಕೊಟ್ಟಂತೆ ದರ ಹುಡುಕುವುದಕ್ಕೂ ಒಂದು ಖರ್ಚಿದೆ. ಹುಡುಕಾಟದ ಖರ್ಚು ಉಳಿತಾಯವನ್ನು ಮೀರಿದೊಡನೆ ಜಾಣರಾದವರು ಹುಡುಕುವುದನ್ನು ನಿಲ್ಲಿಸುತ್ತಾರೆ. ದೊಡ್ಡ ಬಂಡವಾಳವಿದ್ದರೆ ಎಲ್ಲವೂ ಸಾಧ್ಯವೆಂಬ ಮಾತೂ ಪೂರ್ತಿ ನಿಜವಲ್ಲ. ಬೆಂಗಳೂರಿನಲ್ಲಿ 2014ರಲ್ಲಿ ಆರಂಭವಾದ ಡನ್‌ಜೋ ಎಂಬ ಕಂಪನಿ ನೆರೆಹೊರೆಯ ಅಂಗಡಿಗಳಿಂದ ಸರಕು ತಂದು ಮನೆಗೆ ಮುಟ್ಟಿಸುತ್ತಿತ್ತು. ಅದರದು ದರಪಟ್ಟಿಯ ಕೆಲಸವಲ್ಲ. ಆದರೂ ಚಿಕ್ಕ ಅಂಗಡಿಗಳನ್ನೇ ನಂಬಿದ ಉದ್ಯೋಗವಾದುದರಿಂದ ನಮಗೆ ಪಾಠ. ದೊಡ್ಡ ದೊಡ್ಡ ಕಂಪನಿಗಳು ಅದರಲ್ಲಿ ಹಣ ತೊಡಗಿಸಿದವು. 2025ರ ಜನವರಿಯಲ್ಲಿ ಅದರ ಆ್ಯಪ್ ನಿಂತುಹೋಯಿತು. ಆದರೆ ಅದರ ಆರಂಭದಿಂದ ಕಲಿಯತಕ್ಕ ಒಂದು ಸಂಗತಿಯಿದೆ. ಮೊದಲ ದಿನಗಳಲ್ಲಿ ಅದಕ್ಕೆ ಆ್ಯಪೇ ಇರಲಿಲ್ಲ. ಒಂದು ವಾಟ್ಸಪ್ ಗುಂಪಿನಲ್ಲಿ ಅದರ ಕೆಲಸ ನಡೆಯುತ್ತಿತ್ತು. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಲಿಲ್ಲ.

ಆದುದರಿಂದ ನಾನು ಗೆಳೆಯರಿಗೆ ಕೊಟ್ಟ ಉತ್ತರ ಇದು: ಹದಿನೈದು ಸಾವಿರ ಕೊಡಲಾರೆ, ನಾಲ್ಕು ವಾರಗಳನ್ನು ಕೊಡುತ್ತೇನೆ. ಬಿಡಿಯಾಗಿ ಮಾರುವ ಮೂವತ್ತೇ ಪದಾರ್ಥಗಳು, ಇಪ್ಪತ್ತೇ ಅಂಗಡಿಗಳು, ವಾರಕ್ಕೆ ಎರಡು ಸಲ. ಮೊದಲಿನ ಲೆಕ್ಕದಂತೆಯೇ ಇದು 600 ದರಗಳು, 300 ನಿಮಿಷಗಳು; ಮೂವರಿಗೆ ಹಂಚಿದರೆ ತಲಾ ಎರಡು ಗಂಟೆಗಳೊಳಗಿನ ಕೆಲಸ. ಯಾವ ಬಗೆಯ ಬೇಳೆ, ಎಷ್ಟು ತೂಕ, ಯಾವ ದಿನ ಎಂಬುದನ್ನು ಸ್ಪಷ್ಟವಾಗಿ ಬರೆಯೋಣ. ಕನ್ನಡ ಮರಾಠಿ ಎರಡರಲ್ಲಿಯೂ ಬರೆಯೋಣ. ದರದ ಮುಂದೆ ಒಂದಲ್ಲ, ಎರಡು ಮನೆಗಳಿರಲಿ: ರೋಖ, ಉದ್ರಿ. ಅಂಗಡಿಯವರು ಒಪ್ಪಿದರೆ ಮಾತ್ರ ಅವರ ಹೆಸರು. ಒಪ್ಪದಿದ್ದರೆ ಹೆಸರಿಲ್ಲದೆ ಓಣಿಯ ದರ. ಈ ಒಂದು ಹಾಳೆಯನ್ನು ಮೊಬೈಲಿನಲ್ಲಿ ಮೂವತ್ತು ಮನೆಗಳಿಗೆ ಕಳಿಸೋಣ. ಅಪ್ಪಣೆ ದೊರೆತರೆ ಬಸ್‌ನಿಲ್ದಾಣದ ಫಲಕಕ್ಕೂ ಅಂಟಿಸೋಣ. ಕಾಡಂಚಿನ ಹಳ್ಳಿಗಳಲ್ಲಿ ಮೊಬೈಲಿಗೆ ಸಂಕೇತ ಸಿಗದಿದ್ದರೂ ಬಸ್ಸಿಗೆ ಬಂದವರ ಕಣ್ಣಿಗೆ ಕಾಗದ ಬೀಳುತ್ತದೆ.

ನಾಲ್ಕು ವಾರಗಳ ಕೊನೆಗೆ ಮೂರು ಪರೀಕ್ಷೆಗಳು. ಇಪ್ಪತ್ತು ಅಂಗಡಿಯವರಲ್ಲಿ ಹದಿನೈದು ಜನರಾದರೂ ಕೊನೆಯ ವಾರದಲ್ಲಿಯೂ ದರ ಹೇಳುತ್ತಿರುವರೇ? ಮೂವತ್ತು ಮನೆಗಳಲ್ಲಿ ಹತ್ತು ಮನೆಗಳಾದರೂ ಹಾಳೆ ನೋಡಿ ಅಂಗಡಿ ಬದಲಿಸಿದವೇ, ಇಲ್ಲವೆ ದರ ಇಳಿಸಿಕೊಂಡವೇ? ಹದಿನೈದು ಮನೆಗಳಾದರೂ ತಿಂಗಳಿಗೆ ಹತ್ತು ರೂಪಾಯಿ ಕೊಟ್ಟು ಹಾಳೆ ತರಿಸಲಿಕ್ಕೆ ಒಪ್ಪುವವೇ? ಈ ಮೂರರಲ್ಲಿ ಎರಡು ತಪ್ಪಿದರೆ ವಿಚಾರವನ್ನು ಬಿಡಬೇಕು. ಮೂರೂ ಗೆದ್ದರೆ ಆಗ ಆ್ಯಪಿನ ಮಾತು. ಫಲ ಬಂದ ಮೇಲೆ ಅದಕ್ಕೆ ತಕ್ಕಂತೆ ಪರೀಕ್ಷೆಯನ್ನು ತಿದ್ದುವುದು ಮನುಷ್ಯ ಸ್ವಭಾವ. ಅದಕ್ಕೆಂದೇ ಮೊದಲೇ ಬರೆದಿಡುತ್ತಿದ್ದೇನೆ.

"ನಾವು ತಡಮಾಡಿದರೆ ಯಾವುದೋ ದೊಡ್ಡ ಕಂಪನಿ ಮಾಡಿಬಿಡುತ್ತದೆ" ಎಂದು ಗೆಳೆಯನ ಆಕ್ಷೇಪ. ಮಾಡಲಿ. ದೊಡ್ಡ ಕಂಪನಿಗೆ ರವಿವಾರ ಪೇಟೆಯ ರೋಖ ದರ ಸಿಕ್ಕೀತು. ಖಾನಾಪುರದ ಕೆಂಪು ವಹಿಯ ದರ ಸಿಗದು. ಅದನ್ನು ಕೇಳಿದರೆ ಹೇಳುವಷ್ಟು ನಂಬಿಗೆ ಇರುವುದು ಆ ಅಂಗಡಿಯಲ್ಲಿ ಉದ್ರಿ ತಂದು ಬೆಳೆದ ನಮ್ಮಂಥವರ ಮೇಲೆ. ನಮ್ಮ ಬಂಡವಾಳ ಏನಾದರೂ ಇದ್ದರೆ ಅದೇ.

ಆ ದರ ತಿಳಿದರೆ ಅದರಿಂದ ಮಾಡುವುದೇನು ಎಂದು ಕೇಳಬಹುದು. ನಮ್ಮ ರಾಜ್ಯದಲ್ಲಿ 2000-01ರಿಂದ ಸ್ತ್ರೀಶಕ್ತಿ ಗುಂಪುಗಳಿವೆ. ಅವ್ವನೂ ಒಂದು ಗುಂಪಿನವಳು. ಉದ್ರಿಯ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ಎಂಬುದು ಕಾಗದದ ಮೇಲೆ ಕಂಡರೆ, ಗುಂಪಿನ ಸಾಲದ ಬಡ್ಡಿ ಅದಕ್ಕಿಂತ ಕಡಿಮೆಯೋ ಹೆಚ್ಚೋ ಎಂದು ಹತ್ತು ಹೆಂಗಸರು ಕೂತು ನೋಡಬಹುದು. ಕಡಿಮೆಯಿದ್ದರೆ ಮೇ ತಿಂಗಳ ಕೊನೆಗೆ ಸಾಲ ತೆಗೆದು, ಹತ್ತು ಮನೆಗಳ ಮಳೆಗಾಲದ ಬೇಳೆಯನ್ನು ಕೂಡಿಯೇ ಠೋಕ ದರದಲ್ಲಿ ರೋಖ ಕೊಟ್ಟು ತರಬಹುದು. ಆಗ ಬೆಳಗಾವಿಯ ದರವೂ ಅವರ ಉಪಯೋಗಕ್ಕೆ ಬರುತ್ತದೆ. ಇದು ಹೊಸ ವಿದ್ಯೆಯಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ ನಾಡು ನಮ್ಮದು. ದರದ ಪಟ್ಟಿ ಒಂಟಿಯಾಗಿ ಹೋಗುವವರಿಗಿಂತ ಕೂಡಿ ಹೋಗುವವರಿಗೆ ಹೆಚ್ಚು ಫಲ ಕೊಡುತ್ತದೆಂಬುದು ನನ್ನ ನಂಬಿಗೆ.

ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಯ ಮೊದಲ ಪದವೀಧರರಾಗುವವರು ಬಹಳ ಜನರಿದ್ದೀರಿ. ನಿಮ್ಮ ಮನೆಗಳಲ್ಲಿಯೂ ಇಂಥ ಚೀಟಿಗಳು ಯಾವುದೋ ಡಬ್ಬಿಯಲ್ಲಿ ಇರಬಹುದು. ಒಮ್ಮೆ ತೆಗೆದು ನೋಡಿರೆಂದು ಕೇಳಿಕೊಳ್ಳುತ್ತೇನೆ. ನಾವು ಕಲಿತ ಶೇಕಡಾವಾರು ಲೆಕ್ಕ ಪರೀಕ್ಷೆಯ ಹಾಳೆಯಲ್ಲಿ ಎಷ್ಟೋ ಸಲ ಉಪಯೋಗವಾಗಿದೆ. ಮನೆಯಲ್ಲಿ ಒಮ್ಮೆ ಆಗಲಿ.

ಗೆಳೆಯರು ಮೊದಲು ಬೇಸರಪಟ್ಟರು, ಆಮೇಲೆ ಒಪ್ಪಿದರು. ಪರೀಕ್ಷೆ ಮುಗಿದ ಮೇಲೆ ಮಳೆ ಹಿಡಿಯುವ ಮೊದಲಿನ ನಾಲ್ಕು ವಾರಗಳಲ್ಲಿ ಕೆಲಸ ಆರಂಭಿಸಬೇಕೆಂದು ಗೊತ್ತುಮಾಡಿದ್ದೇವೆ. ಫಲ ಏನಾಗುವುದೋ ನಾನು ಇಲ್ಲಿ ಹೇಳಲಾರೆ. ಹದಿನೈದು ಸಾವಿರ ಅವ್ವನ ಪಾಸ್‌ಬುಕ್ಕಿನಲ್ಲಿಯೇ ಇದೆ. ಲೆಕ್ಕವನ್ನು ಅವಳಿಗೆ ಓದಿ ಹೇಳಿದ ಮರುವಾರ ನಾನು ಅವಳೊಡನೆ ಅಂಗಡಿಗೆ ಹೋಗಿದ್ದೆನು. ಅವಳು ಎಂದಿನಂತೆ "ಹೆಂಗ ಕಿಲೋ?" ಎಂದು ಕೇಳಿದಳು. ಅಂಗಡಿಯವರು ದರ ಹೇಳಿದರು. ಅವ್ವ ಚೀಲ ತೆರೆಯಲಿಲ್ಲ. ನನ್ನ ಮೋರೆ ಒಮ್ಮೆ ನೋಡಿ, "ಇದು ರೋಖದ್ದೋ, ಉದ್ರಿದೋ?" ಎಂದು ಮತ್ತೆ ಕೇಳಿದಳು.